ಕಡ್ಡಿ ಹುಳು ಕಣ್ಣೆದುರಿಗಿದ್ದರೂ ಯಾಕೆ ಕಾಣಿಸೋದಿಲ್ಲ?

ಚಾಮುಂಡಿ ಬೆಟ್ಟದ ಪೊದೆಗಳಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ ಅಂದಿದ್ದೀರಿ. ಹಗಲಲ್ಲಿ ಹುಡುಕಿದ್ದೀರಿ, ಅಲ್ವಾ? ಅದು ರಾತ್ರಿ ಎಲೆ ಮೇಯುವ ಹುಳು. ಹಗಲೆಲ್ಲ ಕೊಂಬೆಗೆ ಅಂಟಿಕೊಂಡಿರುತ್ತದೆ. ಹಾಗಂತ ರಾತ್ರಿ ಟಾರ್ಚ್ ಹಿಡಿದು ಬೆಟ್ಟಕ್ಕೆ ಹೋಗಬೇಡಿ, ಚಿರತೆ ಇದೆ! ಹಿತ್ತಲ ಸೀಬೆ ಗಿಡ ನೋಡಿ, ಸಾಕು.

ಬಣ್ಣ, ಆಕಾರ ಒಣಕಡ್ಡಿಯದ್ದೇ ಅನ್ನೋದು ಗೊತ್ತಿರುವ ಮಾತು. ನನಗೆ ಜಾಸ್ತಿ ಇಷ್ಟವಾಗೋದು ಮುಂಗಾಲು. ಎರಡನ್ನೂ ತಲೆಯ ಮುಂದಕ್ಕೆ ನೀಟಾಗಿ ಚಾಚಿ ಜೋಡಿಸಿಕೊಳ್ಳುತ್ತದೆ. ಕಾಲಿನ ಬುಡದಲ್ಲಿ ಸಣ್ಣ ಬಾಗು ಇದೆ, ತಲೆ ಸರಿಯಾಗಿ ಅದರೊಳಗೆ ಕೂರುತ್ತದೆ. ತಲೆ ಯಾವುದು, ಕಾಲು ಯಾವುದು ಅಂತ ಹಕ್ಕಿಗೆ ತಿಳಿಯೋದೇ ಕಷ್ಟ. ಗಾಳಿ ಬೀಸಿದರೆ ಎಷ್ಟೋ ಜಾತಿಗಳು ಸುಮ್ನೆ ಇರೋದಿಲ್ಲ, ಕೊಂಬೆಯ ಜೊತೆ ತಾವೂ ತೂಗಾಡುತ್ತವೆ. ಎಲ್ಲವೂ ಅಲ್ಲಾಡುವಾಗ ಒಂದು ಕಡ್ಡಿ ಮಾತ್ರ ನಿಂತಿದ್ದರೆ ಅನುಮಾನ ಬರುತ್ತದೆ ನೋಡಿ.

ಮುಟ್ಟಿದರೆ ಸೆಟೆದುಕೊಂಡು ಕೆಳಗೆ ಬೀಳುತ್ತದೆ. ಕಾಲು ಹಿಡಿದರೆ ಕಾಲನ್ನೇ ಬಿಟ್ಟು ಓಡುತ್ತದೆ. ಮರಿಯಾಗಿದ್ದರೆ ಪೊರೆ ಬಿಡುವಾಗ ಆ ಕಾಲು ಮತ್ತೆ ಬೆಳೆಯುತ್ತದೆ.

ಮೊಟ್ಟೆಯೂ ಬೀಜದ ಹಾಗೇ. ಕೆಲವು ಜಾತಿಗಳ ಮೊಟ್ಟೆಯ ತುದಿಯಲ್ಲಿ ಪುಟ್ಟ ಗುಬುಟು ಇರುತ್ತದೆ. ಅದರ ಆಸೆಗೆ ಇರುವೆ ಮೊಟ್ಟೆಯನ್ನು ಗೂಡಿಗೆ ಹೊತ್ತೊಯ್ಯುತ್ತದೆ, ಗುಬುಟು ತಿಂದು ಉಳಿದದ್ದನ್ನು ಹಾಗೇ ಬಿಡುತ್ತದೆ. ಮೊಟ್ಟೆ ಹಾಳುಮಾಡುವ ಕಣಜಗಳಿಗೆ ಅಲ್ಲಿಗೆ ಹೋಗೋದು ಸುಲಭವಲ್ಲ.