ಸಂಪಾದಕರ ಉತ್ತರ: ಹದಿನಾಲ್ಕು ಪುಟಗಳ ಸಿವಿಯಲ್ಲಿ ಕಾಣದೆ ಹೋದ ಶಾಸನಗಳು

(ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ: ಇತಿಹಾಸದಲ್ಲಿ ಪಿಎಚ್.ಡಿ. ಮುಗಿಸಿದ್ದೇನೆ, ಕೆ-ಸೆಟ್ (ರಾಜ್ಯದ ಅಧ್ಯಾಪಕ ಅರ್ಹತಾ ಪರೀಕ್ಷೆ) ಪಾಸಾಗಿದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಒಟ್ಟು ಆರು ವರ್ಷ ಅತಿಥಿ ಉಪನ್ಯಾಸಕಿ. ನಡುವೆ ಮಗುವಿಗಾಗಿ ಎರಡು ವರ್ಷ ಕೆಲಸ ಬಿಟ್ಟಿದ್ದೆ. ಒಂದು ಖಾಸಗಿ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಮತ್ತು ಯುರೋಪಿನ ಒಂದು ಪೋಸ್ಟ್ ಡಾಕ್ಟರಲ್ ಫೆಲೋಶಿಪ್‌ಗೆ ಒಂದೇ ಸಿವಿ ಕಳಿಸಿದೆ. ಎರಡೂ ಕಡೆಯಿಂದ ಉತ್ತರವಿಲ್ಲ. ಸಿವಿ ಎಷ್ಟು ಪುಟ ಇರಬೇಕು? ಕನ್ನಡದ ಲೇಖನಗಳನ್ನು ಹಾಕಬೇಕೋ ಬೇಡವೋ? ಆ ಎರಡು ವರ್ಷವನ್ನು ಹೇಗೆ ಮುಚ್ಚಲಿ? ಸಿವಿಯ ಪ್ರತಿ ಲಗತ್ತಿಸಿದ್ದೇನೆ.)

ಪ್ರಿಯ ಓದುಗರೆ,

ನಿಮ್ಮ ಸಿವಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅದರಲ್ಲಿ ಬರೆದದ್ದೆಲ್ಲ ನಿಜ, ಎಲ್ಲಕ್ಕೂ ದಾಖಲೆಯಿದೆ. ಆದರೆ ನೀವು ಏನು ಕೆಲಸ ಮಾಡಿದವರು ಎಂಬುದು ನನಗೆ ತಿಳಿದದ್ದು ಒಂಬತ್ತನೇ ಪುಟಕ್ಕೆ ಬಂದಾಗ. ಅಲ್ಲಿಯವರೆಗೆ ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲ ಪರೀಕ್ಷೆಗಳ ಅಂಕ, ತಂದೆಯ ಹೆಸರು, ಖಾಯಂ ವಿಳಾಸ, ಹವ್ಯಾಸ, ಕೊರೊನಾ ಕಾಲದ ವೆಬಿನಾರ್‌ಗಳ ಇ-ಪ್ರಮಾಣಪತ್ರಗಳ ಪಟ್ಟಿ. ಒಂಬತ್ತನೇ ಪುಟದಲ್ಲಿ ಒಂದೇ ಸಾಲು: ‘ಪಿಎಚ್.ಡಿ. ಮಹಾಪ್ರಬಂಧ: ಹಾನಗಲ್ಲು ಸೀಮೆಯ ಕೆರೆ ಶಾಸನಗಳು’. ನೀವು ಊರೂರು ತಿರುಗಿ ಕಲ್ಲಿನ ಮೇಲಿನ ಅಕ್ಷರ ಓದಿದ್ದು, ಅಚ್ಚಾದ ಪಾಠವನ್ನು ಸ್ಥಳದಲ್ಲೇ ತಾಳೆ ನೋಡಿದ್ದು, ಎಲ್ಲಿಯೂ ಪ್ರಕಟವಾಗದ ಶಾಸನಗಳನ್ನು ಪತ್ತೆ ಮಾಡಿದ್ದು ಪತ್ರದಲ್ಲಿದೆ, ಸಿವಿಯಲ್ಲಿ ಇಲ್ಲ. ಆಯ್ಕೆ ಸಮಿತಿಯವರು ನೋಡುವುದು ಸಿವಿಯನ್ನು ಮಾತ್ರ.

ಪುಟಗಳ ಲೆಕ್ಕವನ್ನು ಸದ್ಯ ಬದಿಗಿಡಿ. ನೀವು ಅರ್ಜಿ ಹಾಕಿದ ಎರಡು ಕಡೆ ಸಿವಿ ಓದುವ ಕಣ್ಣುಗಳೇ ಬೇರೆ. ಒಂದು ಕಡೆ ಅಂಕಪಟ್ಟಿ ಹಿಡಿದು ಓದುತ್ತಾರೆ. ಇನ್ನೊಂದು ಕಡೆ, ಈ ವ್ಯಕ್ತಿಗೆ ಎರಡು ವರ್ಷದ ಹಣ ಕೊಟ್ಟರೆ ಏನು ಸಂಶೋಧನೆ ಹೊರಬರುತ್ತದೆ ಎಂದು ಕೇಳಿಕೊಂಡು ಓದುತ್ತಾರೆ. ಎರಡಕ್ಕೂ ಒಂದೇ ಫೈಲ್ ಕಳಿಸಿದರೆ ಎರಡು ಕಡೆಯೂ ಅರ್ಧಂಬರ್ಧ ಉತ್ತರ ಕೊಟ್ಟಂತಾಗುತ್ತದೆ.

ಮೊದಲು ಅಂಕಪಟ್ಟಿಯ ಕಡೆ ನೋಡೋಣ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮಾವಳಿಯಲ್ಲಿ, ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಎಂದು ತೀರ್ಮಾನಿಸಲು 100 ಅಂಕಗಳ ಒಂದು ಕೋಷ್ಟಕವಿದೆ. ನಿಮ್ಮ ವಿವರಗಳನ್ನೇ ಅದಕ್ಕೆ ಹಾಕಿ ನೋಡಿದೆ. ಬಿ.ಎ.ಯಲ್ಲಿ ಶೇ. 68 ಇರುವುದಕ್ಕೆ 13. ಎಂ.ಎ.ಯಲ್ಲಿ ಶೇ. 71 ಇರುವುದಕ್ಕೆ 23. ಪಿಎಚ್.ಡಿ.ಗೆ 30. ಕೆ-ಸೆಟ್‌ಗೆ 3. ಇಲ್ಲಿಗೆ 69, ಇದನ್ನು ಯಾರೂ ಅಲುಗಾಡಿಸಲಾರರು. ಉಳಿದದ್ದು ಬೋಧನಾ ಅನುಭವ, ವರ್ಷಕ್ಕೆ 2ರಂತೆ ಗರಿಷ್ಠ 10. ಪ್ರಕಟಣೆ, ಲೇಖನಕ್ಕೆ 2ರಂತೆ ಗರಿಷ್ಠ 10. ಪ್ರಶಸ್ತಿಗೆ ಗರಿಷ್ಠ 3. ನಿಮ್ಮ ಸಿವಿಯಲ್ಲಿ ‘ಪ್ರಕಟಣೆಗಳು’ ಎಂಬ ತಲೆಬರಹದಡಿ 22 ಲೇಖನಗಳಿವೆ. ಅವುಗಳಲ್ಲಿ ವಿಷಯ ತಜ್ಞರ ವಿಮರ್ಶೆಗೆ ಒಳಪಟ್ಟು ಪತ್ರಿಕೆಯಲ್ಲಿ ಬಂದವು ನಾಲ್ಕು. ಅಂದರೆ 8 ಅಂಕ. ವಿಚಾರ ಸಂಕಿರಣದ ಸಂಪುಟಗಳಲ್ಲಿ ಬಂದ ಉಳಿದ ಹದಿನೆಂಟನ್ನು ಈ ಕೋಷ್ಟಕದಲ್ಲಿ ಹಾಕಲು ಜಾಗವಿಲ್ಲ. ಸಂಪುಟಕ್ಕೆ ಐಎಸ್‌ಬಿಎನ್ ಇದೆಯಲ್ಲ ಎಂದು ನೀವು ಕೇಳಬಹುದು. ಅದು ಪುಸ್ತಕವನ್ನು ಗುರುತಿಸುವ ಸಂಖ್ಯೆ, ನಮ್ಮ ದೇಶದಲ್ಲಿ ಅದು ಉಚಿತವಾಗಿಯೇ ಸಿಗುತ್ತದೆ. ಒಳಗಿನ ಬರಹವನ್ನು ಯಾರಾದರೂ ತಜ್ಞರು ಪರಿಶೀಲಿಸಿದ್ದಾರೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ವೆಬಿನಾರ್ ಪ್ರಮಾಣಪತ್ರಗಳಿಗೆ ಸಿಗುವ ಅಂಕ ಸೊನ್ನೆ.

ಇದನ್ನು ನೋಡಿ ಬೇಸರ ಪಡಬೇಡಿ. ನಿಮಗೆ ಕೊರತೆ ಇರುವುದು ಒಂದೇ ಒಂದು ಒಳ್ಳೆಯ ಲೇಖನ. ಇನ್ನೊಂದು ಸಂಕಿರಣಕ್ಕೆ ಓಡುವ ಬದಲು, ಬಿತ್ತುವಟ್ಟದ (ಕೆರೆಯ ನಿರ್ವಹಣೆಗೆಂದು ಬಿಟ್ಟ ಭೂಮಿ) ಬಗ್ಗೆ ನೀವು ಬರೆದ ಅಧ್ಯಾಯವನ್ನು ತಿದ್ದಿ ಒಂದು ಗಟ್ಟಿ ಪತ್ರಿಕೆಗೆ ಕಳಿಸಿ.

ಪತ್ರಿಕೆಯ ಆಯ್ಕೆಯಲ್ಲಿ ಈಗ ಹೊಣೆ ನಿಮ್ಮ ಮೇಲೆ ಹೆಚ್ಚಿದೆ. ಮೊದಲು ಯುಜಿಸಿ-ಕೇರ್ ಎಂಬ, ಯುಜಿಸಿ ಒಪ್ಪಿದ ಪತ್ರಿಕೆಗಳ ಪಟ್ಟಿಯಲ್ಲಿ ಹೆಸರಿದ್ದರೆ ಸಾಕಿತ್ತು. 2025ರ ಫೆಬ್ರುವರಿಯ ಪ್ರಕಟಣೆಯಲ್ಲಿ ಯುಜಿಸಿ ಆ ಪಟ್ಟಿಯನ್ನು ನಿಲ್ಲಿಸಿರುವುದಾಗಿ ತಿಳಿಸಿ, ಪತ್ರಿಕೆಯ ಗುಣಮಟ್ಟ ಅಳೆಯಲು ಕೆಲವು ಮಾನದಂಡಗಳನ್ನು ಸೂಚಿಸಿತು. ಹಾಗಾಗಿ ಪ್ರತಿ ಲೇಖನಕ್ಕೂ ಐಎಸ್‌ಎಸ್‌ಎನ್ (ಪತ್ರಿಕೆಯನ್ನು ಗುರುತಿಸುವ) ಸಂಖ್ಯೆ, ಸಂಪುಟ, ಸಂಚಿಕೆ, ಪುಟ ಸಂಖ್ಯೆ ಬರೆಯಿರಿ. ವಿಮರ್ಶಕರ ಟಿಪ್ಪಣಿ ಬಂದ ಇಮೇಲ್‌ಗಳನ್ನು ಅಳಿಸದೆ ಇಟ್ಟುಕೊಳ್ಳಿ. ಒಂದು ವಾರದಲ್ಲಿ ಅಚ್ಚು ಹಾಕುತ್ತೇವೆ, ಇಷ್ಟು ದುಡ್ಡು ಕಟ್ಟಿ ಎನ್ನುವ ಪತ್ರಿಕೆಗಳ ಹತ್ತಿರ ಸುಳಿಯಬೇಡಿ. ಅಂಥ ಒಂದು ಹೆಸರು ಪಟ್ಟಿಯಲ್ಲಿದ್ದರೆ ಪಕ್ಕದ ಒಳ್ಳೆಯ ಲೇಖನದ ಮೇಲೂ ಅನುಮಾನ ಬರುತ್ತದೆ.

ಅತಿಥಿ ಉಪನ್ಯಾಸಕಿಯಾಗಿ ದುಡಿದ ವರ್ಷಗಳ ಬಗ್ಗೆ ನೀವು ಬರೆದ ರೀತಿ ನನಗೆ ನೋವು ತಂದಿತು. ‘ಅತಿಥಿ ಉಪನ್ಯಾಸಕಿ, 6 ವರ್ಷ’. ಅಷ್ಟೇ. ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕಿ, ಖಾಯಂ ಅಧ್ಯಾಪಕರಷ್ಟೇ ಮೌಲ್ಯಮಾಪನ ಮಾಡಿ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಕೆಲಸಕ್ಕೂ ಹೆಗಲು ಕೊಟ್ಟವರು ತಮ್ಮ ದುಡಿಮೆಯನ್ನು ಇಷ್ಟು ಸಂಕೋಚದಿಂದ ಹೇಳಿಕೊಳ್ಳಬಾರದು. ಯಾವ ವರ್ಷ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಪಠ್ಯಕ್ರಮದ ಯಾವ ಪತ್ರಿಕೆಗಳನ್ನು ಯಾವ ಸೆಮಿಸ್ಟರ್‌ಗೆ ಪಾಠ ಮಾಡಿದಿರಿ, ವಾರಕ್ಕೆ ಎಷ್ಟು ಗಂಟೆ ಕಾರ್ಯಭಾರ, ಎಲ್ಲವನ್ನೂ ಬರೆಯಿರಿ. ಪ್ರಾಂಶುಪಾಲರ ಸಹಿ ಇರುವ ಸೇವಾ ಪ್ರಮಾಣಪತ್ರವನ್ನು ವರ್ಷವಾರು ಪಡೆಯಿರಿ. ಪ್ರಾಂಶುಪಾಲರು ವರ್ಗವಾಗಿ ಹೋದ ಮೇಲೆ ಅದನ್ನು ಪಡೆಯುವುದು ಬಲು ಕಷ್ಟ. ಈ ಸೇವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ರೀತಿ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿರುತ್ತದೆ, ಅಧಿಸೂಚನೆಯ ಸಣ್ಣ ಅಕ್ಷರಗಳನ್ನೂ ಓದಿ. ಸೇವೆ ಪೂರ್ತಿ ಲೆಕ್ಕಕ್ಕೆ ಬಂದರೆ ಮೊದಲಿನ 69, ಪ್ರಕಟಣೆಯ 8, ಅನುಭವದ 10 ಸೇರಿ ನಿಮ್ಮ ಮೊತ್ತ 87 ಆಗುತ್ತದೆ, ಅದು ಕಡಿಮೆಯೇನಲ್ಲ. ಕಾಲೇಜು ಹುದ್ದೆಗಳಿಗೆ ಇದೇ ನಿಯಮಾವಳಿಯಲ್ಲಿ ಪ್ರತ್ಯೇಕ ಕೋಷ್ಟಕವಿದೆ. ಅಲ್ಲಿ ಪ್ರಕಟಣೆಗೆ ಗರಿಷ್ಠ 6 ಮಾತ್ರ. ಈ ಅಂಕಗಳು ಸಂದರ್ಶನದ ಬಾಗಿಲವರೆಗೆ ಕರೆದೊಯ್ಯುತ್ತವೆ, ಆಯ್ಕೆ ನಡೆಯುವುದು ಸಂದರ್ಶನದಲ್ಲಿ.

ಇನ್ನು ಯುರೋಪಿನ ಅರ್ಜಿ. ಇಲ್ಲಿ ನಿಮ್ಮ ಸಿವಿಯನ್ನು ತಲೆಕೆಳಗು ಮಾಡಬೇಕು. ಒಂಬತ್ತನೇ ಪುಟದ ಸಾಲು ಮೊದಲ ಪುಟಕ್ಕೆ ಬರಬೇಕು, ಮತ್ತು ಅದು ಒಂದೇ ಸಾಲಾಗಿ ಉಳಿಯಬಾರದು. ನಾನು ಹೀಗೆ ತಿದ್ದುತ್ತಿದ್ದೆ: ‘ಹಾನಗಲ್ಲು ಸೀಮೆಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಕೆರೆ ಶಾಸನಗಳ ಅಧ್ಯಯನ. ಕೆರೆಯ ನಿರ್ವಹಣೆಗೆಂದು ಬಿಡುತ್ತಿದ್ದ ಬಿತ್ತುವಟ್ಟದ ಭೂಮಿ ಯಾರ ಕೈಯಲ್ಲಿತ್ತು, ಆ ಹೊಣೆ ತಲೆಮಾರಿನಿಂದ ತಲೆಮಾರಿಗೆ ಹೇಗೆ ಸಾಗಿತು ಎಂಬುದು ಮುಖ್ಯ ಪ್ರಶ್ನೆ. ಅಚ್ಚಾದ ಪಾಠಗಳನ್ನು ಸ್ಥಳದಲ್ಲಿ ಮರುಪರಿಶೀಲಿಸಲಾಗಿದೆ. ಅಪ್ರಕಟಿತ ಶಾಸನಗಳ ಪಾಠ ಅನುಬಂಧದಲ್ಲಿದೆ.’ ಹಳಗನ್ನಡ ಶಾಸನವನ್ನು ಕಲ್ಲಿನ ಮೇಲೆಯೇ ಓದಬಲ್ಲವರು ಜಗತ್ತಿನಲ್ಲಿ ಹೆಚ್ಚು ಮಂದಿ ಇಲ್ಲ. ಅದನ್ನು ನೀವು ‘ಭಾಷೆಗಳು: ಕನ್ನಡ, ಇಂಗ್ಲಿಷ್, ಹಿಂದಿ’ ಎಂಬ ಸಾಲಿನೊಳಗೆ ಹೂತುಹಾಕಿದ್ದೀರಿ. ‘ಹಳಗನ್ನಡ: 11ರಿಂದ 13ನೇ ಶತಮಾನದ ಶಾಸನಗಳನ್ನು ಮೂಲ ಲಿಪಿಯಲ್ಲಿ ಓದಬಲ್ಲೆ’ ಎಂದು ಬಿಡಿಸಿ ಬರೆಯಿರಿ.

ಕನ್ನಡ ಲೇಖನಗಳನ್ನು ಖಂಡಿತ ಹಾಕಿ. ಅವನ್ನು ಮರೆಮಾಚಿ ಇಂಗ್ಲಿಷಿನವನ್ನು ಮಾತ್ರ ಕೊಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ನಿಮ್ಮ ವಿಷಯದ ಚರ್ಚೆ ನಡೆದಿರುವುದೇ ಕನ್ನಡದಲ್ಲಿ. ಆದರೆ ಕನ್ನಡ ಬಾರದವರೂ ಓದುವಂತೆ ಕೊಡಿ: ಶೀರ್ಷಿಕೆಯನ್ನು ರೋಮನ್ ಲಿಪಿಗೆ ಇಳಿಸಿ, ಪಕ್ಕದಲ್ಲಿ ಅದರ ಇಂಗ್ಲಿಷ್ ಅರ್ಥ, ಕೊನೆಯಲ್ಲಿ ‘ಭಾಷೆ: ಕನ್ನಡ’ ಎಂದು ಬರೆಯಿರಿ. ಪತ್ರಿಕೆಯ ಬಗ್ಗೆ ಅರ್ಧ ಸಾಲು ಸೇರಿಸಿ. ನಿಮ್ಮ ಒಂದು ಲೇಖನ ‘ಪ್ರಬುದ್ಧ ಕರ್ಣಾಟಕ’ದಲ್ಲಿ ಬಂದಿದೆ. ಅದು 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಹುಟ್ಟಿ, ಮುಂದೆ ಮೈಸೂರು ವಿಶ್ವವಿದ್ಯಾಲಯದ ಪತ್ರಿಕೆಯಾಯಿತು ಎಂಬುದು ಯುರೋಪಿನ ಪ್ರಾಧ್ಯಾಪಕರಿಗೆ ಹೇಗೆ ಗೊತ್ತಾಗಬೇಕು? ನೀವೇ ಹೇಳಬೇಕು. ಪ್ರಕಟವಾದದ್ದು, ಒಪ್ಪಿಗೆಯಾದದ್ದು, ಪರಿಶೀಲನೆಯಲ್ಲಿರುವುದು ಈ ಮೂರನ್ನು ಬೇರೆ ಬೇರೆ ತಲೆಬರಹದಡಿ ಕೊಡಿ, ಬೆರೆಸಬೇಡಿ. ಮಾರ್ಗದರ್ಶಕರ ಜೊತೆ ಬರೆದ ಲೇಖನದಲ್ಲಿ ಅಚ್ಚಾದ ಕ್ರಮದಲ್ಲೇ ಹೆಸರುಗಳಿರಲಿ, ನಿಮ್ಮದನ್ನು ದಪ್ಪಕ್ಷರದಲ್ಲಿ ಕಾಣಿಸಿ.

ಹೆಸರಿನ ವಿಷಯಕ್ಕೂ ಗಮನ ಕೊಡಿ. ಅಂಕಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಊರು ಮತ್ತು ತಂದೆಯ ಇನಿಷಿಯಲ್, ಮದುವೆಯ ನಂತರದ ಎರಡು ಲೇಖನಗಳಲ್ಲಿ ಪತಿಯ ಮನೆತನದ ಹೆಸರು, ಒಂದರಲ್ಲಿ ಇನಿಷಿಯಲ್ ಹೆಸರಿನ ಹಿಂದೆ. ಹೊರಗಿನವರಿಗೆ ಇವರು ಮೂವರು ಬೇರೆ ಬೇರೆ ಲೇಖಕಿಯರು. 2012ರಿಂದ ಓರ್ಕಿಡ್ ಎಂಬ ವ್ಯವಸ್ಥೆ ಇದೆ. ಸಂಶೋಧಕರಿಗೆ 16 ಅಂಕಿಯ ಒಂದು ಗುರುತಿನ ಸಂಖ್ಯೆಯನ್ನು ಉಚಿತವಾಗಿ ಕೊಡುತ್ತದೆ. ಇವತ್ತೇ ಮಾಡಿಸಿಕೊಂಡು ಎಲ್ಲ ಲೇಖನಗಳನ್ನು ಅದರಡಿ ಸೇರಿಸಿ, ಸಂಖ್ಯೆಯನ್ನು ಸಿವಿಯ ಮೇಲ್ಭಾಗದಲ್ಲಿ ಹಾಕಿ. ಮಹಾಪ್ರಬಂಧ ಶೋಧಗಂಗಾದಲ್ಲಿ (ದೇಶದ ಪಿಎಚ್.ಡಿ. ಪ್ರಬಂಧಗಳ ಅಂತರ್ಜಾಲ ಸಂಗ್ರಹ) ಇದ್ದರೆ ಅದರ ಕೊಂಡಿಯನ್ನೂ ಕೊಡಿ.

ಫೋಟೊ, ಜನ್ಮದಿನಾಂಕ, ತಂದೆಯ ಹೆಸರು, ವೈವಾಹಿಕ ಸ್ಥಿತಿ, ಹವ್ಯಾಸ, ‘ಮೇಲಿನ ವಿವರಗಳೆಲ್ಲ ಸತ್ಯವೆಂದು ಪ್ರಮಾಣೀಕರಿಸುತ್ತೇನೆ’ ಎಂಬ ಒಕ್ಕಣೆ, ಇವು ವಿದೇಶದ ಅರ್ಜಿಗೆ ಬೇಡ. ಬ್ರಿಟನ್, ಅಮೆರಿಕಗಳಲ್ಲಂತೂ ಇಂಥ ವೈಯಕ್ತಿಕ ವಿವರ ಹಾಕುವ ರೂಢಿಯೇ ಇಲ್ಲ. ನಮ್ಮಲ್ಲಿ ಮೀಸಲಾತಿ ಮತ್ತು ವಯಸ್ಸಿನ ವಿವರಕ್ಕೆ ಅರ್ಜಿ ನಮೂನೆಯಲ್ಲೇ ಕಾಲಂ ಇರುತ್ತದೆ, ಸಿವಿಯಲ್ಲಿ ಮತ್ತೆ ಬರೆಯಬೇಕಾಗಿಲ್ಲ.

ಆ ಎರಡು ವರ್ಷವನ್ನು ಮುಚ್ಚುವುದು ಹೇಗೆ ಎಂದು ಕೇಳಿದ್ದೀರಿ. ಮುಚ್ಚಲೇಬೇಡಿ. ಮಗುವಿನ ಆರೈಕೆಯನ್ನು ತಪ್ಪಿನಂತೆ ಬಚ್ಚಿಡಬೇಕಾದ ಅಗತ್ಯ ಯಾವ ತಾಯಿಗೂ ಬರಬಾರದು. ಇಸವಿ ಹಾಕಿ ‘ಮಗುವಿನ ಆರೈಕೆಗಾಗಿ ಬಿಡುವು’ ಎಂದು ಒಂದು ಸಾಲು ಬರೆಯಿರಿ, ಕಾರಣ ವಿವರಿಸಬೇಡಿ, ಕ್ಷಮೆ ಕೇಳಬೇಡಿ. ಬಚ್ಚಿಟ್ಟರೆ ನಷ್ಟವೂ ಇದೆ. ಐರೋಪ್ಯ ಒಕ್ಕೂಟದ ಮೇರಿ ಕ್ಯೂರಿ ಪೋಸ್ಟ್ ಡಾಕ್ಟರಲ್ ಫೆಲೋಶಿಪ್‌ಗೆ, ಪಿಎಚ್.ಡಿ. ನಂತರದ ಸಂಶೋಧನಾ ಅನುಭವ 8 ವರ್ಷ ಮೀರಿರಬಾರದು ಎಂಬ ಮಿತಿಯಿದೆ. ಇಂಥ ಬಿಡುವಿನ ಕಾಲವನ್ನು ಆ ಮಿತಿಯಲ್ಲಿ ಎಣಿಸುವುದಿಲ್ಲ. ಐರೋಪ್ಯ ಸಂಶೋಧನಾ ಮಂಡಳಿಯ ಆರಂಭಿಕ ಅನುದಾನದಲ್ಲಿ ತಾಯಂದಿರಿಗೆ ಮಗುವೊಂದಕ್ಕೆ 18 ತಿಂಗಳ ರಿಯಾಯಿತಿಯಿದೆ. ಬರೆಯದಿದ್ದರೆ ಅದು ನಿಮಗೆ ಸಿಗುವುದು ಹೇಗೆ?

ಪುಟಗಳ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಅರ್ಜಿ ಕರೆದ ಪ್ರಕಟಣೆಯಲ್ಲಿ ಮಿತಿ ಹೇಳಿದ್ದರೆ ಅದನ್ನು ಮೀರಬೇಡಿ. ಹೇಳದಿದ್ದರೆ, ನಿಮ್ಮ ಹಂತದಲ್ಲಿರುವವರಿಗೆ ಮೂರು ನಾಲ್ಕು ಪುಟ ಧಾರಾಳ.

ರೆಫರಿಗಳಾಗಿ, ಅಂದರೆ ನಿಮ್ಮ ಬಗ್ಗೆ ಅಭಿಪ್ರಾಯ ಹೇಳಬಲ್ಲವರಾಗಿ, ಮೂವರ ಹೆಸರು ಕೊಟ್ಟಿದ್ದೀರಿ, ಅವರನ್ನು ಕೇಳಿದ್ದೀರೋ ಇಲ್ಲವೋ ಪತ್ರದಲ್ಲಿ ಹೇಳಿಲ್ಲ. ಮೊದಲೇ ಫೋನ್ ಮಾಡಿ ಅನುಮತಿ ಪಡೆಯಿರಿ, ಹೊಸ ಸಿವಿಯನ್ನೂ ಸಂಶೋಧನಾ ಪ್ರಸ್ತಾವವನ್ನೂ ಕಳಿಸಿಕೊಡಿ. ಅವರಲ್ಲಿ ಒಬ್ಬರಾದರೂ ನಿಮ್ಮ ಜೊತೆ ಕ್ಷೇತ್ರಕಾರ್ಯಕ್ಕೆ ಬಂದು ನೀವು ಶಾಸನ ಓದುವುದನ್ನು ಕಣ್ಣಾರೆ ಕಂಡವರಾಗಿರಲಿ.

ಕೊನೆಗೊಂದು ತಾಂತ್ರಿಕ ಮಾತು. ನೀವು ಕಳಿಸಿದ್ದು ವರ್ಡ್ ಫೈಲ್, ಕನ್ನಡ ಶೀರ್ಷಿಕೆಗಳು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ನಮ್ಮ ಕಚೇರಿಯ ಒಂದು ಯಂತ್ರದಲ್ಲಿ ಹಾಗೆಯೇ ಕಂಡವು. ಯುನಿಕೋಡ್‌ಗೆ ಬದಲಾಯಿಸಿ, ಪಿಡಿಎಫ್ ಮಾಡಿ, ಬೇರೊಬ್ಬರ ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಿ ಕಳಿಸಿ. ಎರಡು ಸಿವಿಗಳ ಕರಡು ಸಿದ್ಧವಾದಾಗ ನಮಗೂ ಒಂದು ಪ್ರತಿ ಬರಲಿ. ಪ್ರಕಟಣೆಗಳ ಪಟ್ಟಿಯನ್ನು ಸಾಲು ಸಾಲಾಗಿ ನೋಡಿ ತಿದ್ದಿಕೊಡುತ್ತೇನೆ.

— ಸಂಪಾದಕ