ನೀರಗಂಟಿಯ ಮಗಳಿಗೆ

ಮದ್ದೂರಿನ ಸೋದರಿಗೆ ನಮಸ್ಕಾರ.

‘ಎಂಎನ್‌ಡಿ ಮತ್ತು ಅಪ್ಪನ ಹೃದಯ’ ಲೇಖನ, ಅಂದರೆ ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುವ ಮೋಟಾರ್ ನ್ಯೂರಾನ್ ಕಾಯಿಲೆ (ಎಂಎನ್‌ಡಿ) ಬಂದ ನಿಮ್ಮ ಅಪ್ಪನ ಕಥೆ, ಕೈಸೇರಿ ಎರಡು ತಿಂಗಳಾಯಿತು. ಮೈಸೂರಿನ ಈ ಪತ್ರಿಕೆ ಕಚೇರಿಯಲ್ಲಿ ಇರುವವರು ಇಬ್ಬರೇ, ತಡವಾಯಿತು. ಈಗಿರುವ ರೂಪದಲ್ಲಿ ಅದನ್ನು ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ.

ಒಂಬತ್ತು ಪುಟದಲ್ಲಿ ಮೊದಲ ಮೂರು ಬೇಡ. ಫ್ರಾನ್ಸಿನ ಶಾರ್ಕೋ ಈ ಕಾಯಿಲೆಯನ್ನು 1869ರಲ್ಲಿ ವಿವರಿಸಿದ್ದು ನಿಜ. ಇದೇ ಕಾಯಿಲೆಯಿದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ 76ರವರೆಗೆ ಬದುಕಿದ್ದೂ ನಿಜ. ಆದರೆ ನಿಮ್ಮ ಅಪ್ಪ ಬರುವ ಹೊತ್ತಿಗೆ ಓದುಗರು ಎದ್ದು ಹೋಗಿರುತ್ತಾರೆ.

ಇನ್ನು ದೊಡ್ಡ ತಪ್ಪು. ‘ಕೈಕಾಲಿನ ಮಾಂಸ ತಿಂದ ಕಾಯಿಲೆ ಕೊನೆಗೆ ಹೃದಯಕ್ಕೂ ಬಾಯಿ ಹಾಕಿತು’ ಎಂದು ಬರೆದಿದ್ದೀರಿ. ಓದಲು ಜೋರಾಗಿದೆ, ಆದರೆ ಹಾಗಲ್ಲ. ಕೈಕಾಲಿನ ಸ್ನಾಯು ನರದ ಅಪ್ಪಣೆ ಇಲ್ಲದೆ ಅಲ್ಲಾಡುವುದಿಲ್ಲ. ಆ ನರಕೋಶ ಸತ್ತರೆ ಸ್ನಾಯು ಸೊರಗುತ್ತದೆ. ಹೃದಯ ಬಡಿಯಲು ಯಾರ ಅಪ್ಪಣೆಯೂ ಬೇಕಿಲ್ಲ. ಕಸಿ ಮಾಡಿದ ಹೃದಯಕ್ಕೆ ನರದ ಸಂಬಂಧ ಕಡಿದುಹೋಗಿದ್ದರೂ ಅದು ಬಡಿಯುತ್ತದೆ, ಅಲ್ವಾ? ನರಗಳ ಕೆಲಸ ವೇಗ ಏರಿಸುವುದು, ಇಳಿಸುವುದು ಅಷ್ಟೇ.

ಇದನ್ನು ಹೇಳುವ ಮಾತು ನಿಮ್ಮ ಏಳನೇ ಪುಟದಲ್ಲೇ ಇದೆ, ನೀವೇ ನೋಡಿಲ್ಲ. ಅಪ್ಪ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರಗಂಟಿಯಾಗಿದ್ದರು ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ! ನೀರಗಂಟಿ ನೀರನ್ನು ಹುಟ್ಟಿಸುವುದಿಲ್ಲ. ತೂಬು ಎತ್ತುತ್ತಾನೆ, ಇಳಿಸುತ್ತಾನೆ. ಹೃದಯದ ನರಗಳೂ ಹಾಗೇ. ಈ ಕಾಯಿಲೆಯಲ್ಲಿ ಕೆಲವರಿಗೆ ವೇಗ ಏರಿಸುವ ನರದ ಕೈ ಮೇಲಾಗುತ್ತದೆ, ಇಳಿಸುವ ವೇಗಸ್ ನರದ ಹಿಡಿತ ಸಡಿಲವಾಗುತ್ತದೆ. ಸುಮ್ಮನೆ ಕೂತಿದ್ದರೂ ನಾಡಿ ಓಡುತ್ತದೆ. ಬಹಳ ಜನಕ್ಕೆ ಇದು ಗೊತ್ತೇ ಆಗದಷ್ಟು ಸಣ್ಣದು. ವರ್ಷಗಟ್ಟಲೆ ವೆಂಟಿಲೇಟರ್ ಮೇಲಿರುವ ಕೆಲವರಲ್ಲಿ ಮಾತ್ರ ಬಿಪಿ ಹುಚ್ಚಾಪಟ್ಟೆ ಏರಿಳಿಯುವುದುಂಟು.

ಒಂಟಿಕೊಪ್ಪಲು ಪಂಚಾಂಗದ ಅಂಚಿನಲ್ಲಿ ನೀವು ಗುರುತು ಹಾಕಿಟ್ಟ ನಾಡಿಯ ಲೆಕ್ಕ ಇದೆಯಲ್ಲ, 98, 104, 112, ಅದು ಈ ಲೇಖನದ ಆಸ್ತಿ. ಅಲ್ಲಿಂದ ಶುರು ಮಾಡಿ. ಜೊಲ್ಲು ನಿಲ್ಲಿಸಲು ಅಮಿಟ್ರಿಪ್ಟಿಲಿನ್ ಮಾತ್ರೆ ಶುರು ಮಾಡಿದ ವಾರವೇ 112 ಎಂದಿದೆ. ಆ ಮಾತ್ರೆಯೂ ಎದೆಬಡಿತ ಜಾಸ್ತಿ ಮಾಡಬಲ್ಲದು. ಹಾಗಾಗಿ ಎಲ್ಲವನ್ನೂ ಕಾಯಿಲೆಯ ತಲೆಗೆ ಕಟ್ಟಬೇಡಿ. ಮಾತ್ರೆಯೇ ಕಾರಣ ಎಂದೂ ಬರೆಯಬೇಡಿ. ನರರೋಗ ವೈದ್ಯರೊಬ್ಬರಿಗೆ ಆ ಭಾಗ ಓದಿಸಿ.

ಅಪ್ಪ ಮಲಗಲಾರದೆ ರಾತ್ರಿಯೆಲ್ಲ ಕುರ್ಚಿಯಲ್ಲಿ ದಿಂಬು ತಬ್ಬಿ ಕೂತಿರುತ್ತಿದ್ದ ಪುಟ ಓದಿ ನಾನು ಸ್ವಲ್ಪ ಹೊತ್ತು ಕಾಗದ ಕೆಳಗಿಟ್ಟೆ. ಆದರೆ ಅಲ್ಲೂ ‘ಹೃದಯ ಸೋತಿತ್ತು’ ಎಂದುಬಿಟ್ಟಿದ್ದೀರಿ. ಎಕೋ (ಹೃದಯದ ಸ್ಕ್ಯಾನ್) ಚೆನ್ನಾಗಿತ್ತು ಎಂದು ಮುಂದೆ ಬರೆದವರೂ ನೀವೇ! ಹೃದಯ ಸೋತವರೂ ಮಲಗಿದರೆ ಉಸಿರು ಕಟ್ಟುತ್ತದೆ ಎನ್ನುತ್ತಾರೆ, ವಪೆ ಸೋತವರೂ ಅದನ್ನೇ ಹೇಳುತ್ತಾರೆ. ವಪೆ ಎಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು. ಅದು ಸೋತರೆ ರಾತ್ರಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಉಳಿದುಕೊಳ್ಳುತ್ತದೆ. ಬೆಳಗಿನ ತಲೆನೋವು ಅದರಿಂದಲೂ ಬರುತ್ತದೆ. ಈ ಕಾಯಿಲೆಯಲ್ಲಿ ಜೀವ ಹೋಗುವುದು ಹೆಚ್ಚಾಗಿ ಉಸಿರಾಟ ಸೋತು. ಮೊದಲು ಹೃದಯದ ಮಾತ್ರೆ ಕೊಟ್ಟ ಆಸ್ಪತ್ರೆಯ ಹೆಸರನ್ನು ನಾನು ಹೊಡೆದುಹಾಕಿದ್ದೇನೆ. ಸಿಟ್ಟು ಇರಲಿ, ಹೆಸರು ಬೇಡ.

ಇನ್ನೊಂದು. ಮಾತು ನಿಂತ ಮೇಲೂ ಅಪ್ಪ ಕಣ್ಸನ್ನೆಯಲ್ಲಿ ಒಂದಕ್ಕೆ ಹೋಗಬೇಕೆಂದು ಹೇಳುತ್ತಿದ್ದರು, ಒಂದು ದಿನವೂ ಹಾಸಿಗೆ ನೆನೆಯಲಿಲ್ಲ ಎಂದು ಬರೆದು ಗೀಟು ಹಾಕಿ ಅಳಿಸಿದ್ದೀರಿ. ನಾಚಿಕೆಯಾ? ಮೂತ್ರ ತಡೆಹಿಡಿಯುವ ಸ್ನಾಯುವಿನ ನರಕೋಶಗಳು ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುತ್ತವೆ. ಆ ಸಾಲನ್ನು ವಾಪಸ್ ಹಾಕಿ.

ನಾಲ್ಕೂವರೆ ಪುಟಕ್ಕೆ ಇಳಿಸಿ ದಸರೆಯ ಒಳಗೆ ಕಳಿಸಿ. ಅಪ್ಪ ಕಾಯುತ್ತಿದ್ದದ್ದು ಯಾವ ತೂಬು? ಅದನ್ನೂ ಬರೆಯಿರಿ.