ಎಂಸಿಬಿ ಹೊಸದು, ಆದ್ರೂ ಶಾಕ್ ಹೊಡೀತು!

ಪ್ರಶ್ನೆ: ಸರ್, ಹೋದ ವರ್ಷ ಮನೆಗೆಲ್ಲ ಹೊಸ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಹಾಕಿಸಿದ್ದೇವೆ. ಆದ್ರೂ ಮೊನ್ನೆ ವಾಷಿಂಗ್ ಮಷೀನ್ ಮುಟ್ಟಿದ ನಮ್ಮ ಸೊಸೆಗೆ ಜೋರಾಗಿ ಕರೆಂಟ್ ಹೊಡೀತು. ಎಂಸಿಬಿ ಬೀಳಲೇ ಇಲ್ಲ. ಅದು ಕೆಟ್ಟಿದೆಯಾ? — ಓದುಗರು, ಬಸವನ ಬಾಗೇವಾಡಿ

ಉತ್ತರ: ಅಕ್ಕಾ, ಮೊದಲು ಮೇನ್ ಆಫ್ ಮಾಡಿ ಆ ಮಷೀನಿನ ಪ್ಲಗ್ ಕಿತ್ತಿಡಿ. ಉಳಿದದ್ದು ಆಮೇಲೆ ಓದಿದರಾಯಿತು.

ಎಂಸಿಬಿ ಕೆಟ್ಟಿರಲಿಕ್ಕಿಲ್ಲ. ಅದು ಕಾಯುವುದು ಗೋಡೆಯೊಳಗಿನ ವೈರನ್ನ, ಮನುಷ್ಯರನ್ನಲ್ಲ. ಜರ್ಮನಿಯ ಹ್ಯೂಗೋ ಸ್ಟೋಟ್ಜ್ ಅವರ ಕಂಪನಿ 1924ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡಿತು, ಆಮೇಲೆ ಪದೇ ಪದೇ ಫ್ಯೂಸ್ ತಂತಿ ಕಟ್ಟುವ ತಾಪತ್ರಯ ತಪ್ಪಿತು. ಒಳಗೆ ಎರಡು ಭಾಗ ಮುಖ್ಯ. ಎರಡು ಬೇರೆ ಲೋಹ ಬೆಸೆದ ಒಂದು ಪಟ್ಟಿ ಇರುತ್ತದೆ, ಲೋಡ್ ಜಾಸ್ತಿಯಾದರೆ ಅದು ಕಾದು ಬಾಗಿ ಸ್ವಿಚ್ ಬೀಳಿಸುತ್ತದೆ. ಇನ್ನೊಂದು ತಾಮ್ರದ ಸುರುಳಿ, ಶಾರ್ಟ್ ಆದ ತಕ್ಷಣ ಅಯಸ್ಕಾಂತವಾಗಿ ಎಳೆದುಬಿಡುತ್ತದೆ. ಈಗ ಲೆಕ್ಕ ನೋಡಿ. ನಿಮ್ಮ ಮಷೀನಿನ ಲೈನಿಗೆ 16 ಆಂಪಿಯರ್ ಎಂಸಿಬಿ ಇದ್ದೀತು. ಒದ್ದೆ ಕೈಯಿಂದ ಮುಟ್ಟಿದಾಗ ಮೈಯೊಳಗೆ ಹರಿಯುವುದು ಸಾಮಾನ್ಯವಾಗಿ ಕಾಲು ಆಂಪಿಯರಿಗಿಂತ ಕಡಿಮೆ. ಅಷ್ಟಕ್ಕೇ ಜೀವ ಹೋಗಬಹುದು, ಆದರೆ ಎಂಸಿಬಿ ಲೆಕ್ಕದಲ್ಲಿ ಅದು ಒಂದು ಹಳೇ 40 ವ್ಯಾಟ್ ಬಲ್ಬು ಹತ್ತಿದಷ್ಟೇ. ಅದು ಯಾಕೆ ಬೀಳಬೇಕು?

ನಿಮಗೆ ಬೇಕಾದದ್ದು ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್. ಅಂಗಡಿಯಲ್ಲಿ ನೀವು ಇನ್ನೂ ಇಎಲ್‌ಸಿಬಿ ಅಂತಲೇ ಕೇಳಿದರೂ ಅದನ್ನೇ ಕೊಡುತ್ತಾರೆ. ಕರೆಂಟ್ ತರುವ ಫೇಸ್ ವೈರು, ವಾಪಸ್ ಒಯ್ಯುವ ನ್ಯೂಟ್ರಲ್ ವೈರು ಎರಡೂ ಅದರೊಳಗಿನ ಒಂದು ಬಳೆಯೊಳಗಿಂದ ಹಾದು ಹೋಗುತ್ತವೆ. ಹೋದ ಕರೆಂಟ್ ಪೂರ್ತಿ ವಾಪಸ್ ಬಂದರೆ ಬಳೆ ಸುಮ್ನಿರುತ್ತದೆ. ಒಂದಿಷ್ಟು ಮಷೀನಿನ ಲೋಹದ ಹೊರಮೈಗೆ ಇಳಿದು, ಅಲ್ಲಿಂದ ಯಾರದೋ ಮೈಮೂಲಕ ನೆಲಕ್ಕೆ ಹೋದರೆ ಲೆಕ್ಕ ತಪ್ಪುತ್ತದೆ, ಆಗ ಟ್ರಿಪ್. ಮನೆಗೆ 30 ಮಿಲಿ ಆಂಪಿಯರಿನದ್ದೇ ಹಾಕಿಸಿ. 100, 300 ಅಂತ ಬರೆದವೂ ಸಿಗುತ್ತವೆ, ಮನುಷ್ಯರ ಜೀವ ಕಾಯಲು ಅವು ಸಾಲವು. ಇಂಥ ಸೂಕ್ಷ್ಮ ಸಾಧನಕ್ಕೆ ಒತ್ತಾಯ ಬಂದದ್ದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಂದ. 1950ರ ದಶಕದಲ್ಲಿ ಹೆನ್ರಿ ರೂಬಿನ್ ಎಂಬ ಎಂಜಿನಿಯರ್ ಅಲ್ಲಿಯ ಕೂಲಿಗಳಿಗೆ ಶಾಕ್ ಹೊಡೆಯುವುದನ್ನ ತಪ್ಪಿಸಲೆಂದೇ ಇದನ್ನ ರೂಪಿಸಿದರು.

ಒಂದು ಮಾತು ಹೇಳಿಬಿಡುತ್ತೇನೆ, ಇದು ನಮ್ಮ ಕಡೆ ತುಂಬಾ ನಡೆಯುತ್ತದೆ. ಆರ್‌ಸಿಸಿಬಿ ಹಾಕಿಸಿದ ಮಾರನೇ ದಿನವೇ ಪದೇ ಪದೇ ಬೀಳತೊಡಗುತ್ತದೆ, "ಇದು ಬರೋಬರಿ ಇಲ್ರೀ" ಅಂತ ಮಿಸ್ತ್ರಿ ಅದನ್ನ ಬೈಪಾಸ್ ಮಾಡಿ ಹೋಗುತ್ತಾನೆ. ಬಹುಪಾಲು ಇನ್ವರ್ಟರಿನ ನ್ಯೂಟ್ರಲ್ಲು, ಮನೆಯ ನ್ಯೂಟ್ರಲ್ಲು ಎಲ್ಲೋ ಬೋರ್ಡಿನ ಹಿಂದೆ ಕೂಡಿಕೊಂಡಿರುತ್ತವೆ. ಒಂದರಿಂದ ಹೋದದ್ದು ಇನ್ನೊಂದರಿಂದ ವಾಪಸ್ ಬಂದರೆ ಬಳೆಗೆ ಅದೂ ಸೋರಿಕೆಯೇ. ಸಾಧನ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿರುತ್ತದೆ. ನ್ಯೂಟ್ರಲ್ ಬೇರೆ ಮಾಡಿಸಿ, ಮಿಸ್ತ್ರಿ ಗೊಣಗಲಿ. ಮೇಲಿರುವ "ಟಿ" ಗುಂಡಿಯನ್ನ ತಿಂಗಳಿಗೊಮ್ಮೆ ಒತ್ತಿ ನೋಡಿ, ಬೀಳದಿದ್ದರೆ ಬದಲಿಸಿ.

ಆರ್‌ಸಿಸಿಬಿಗೂ ಮಿತಿ ಇದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು ರಬ್ಬರ್ ಚಪ್ಪಲಿ ಮೇಲೆ ನಿಂತವನು ಅದಕ್ಕೆ ಬಲ್ಬಿನ ಹಾಗೇ ಕಾಣುತ್ತಾನೆ. ಓವರ್‌ಲೋಡ್ ಕೂಡ ಅದಕ್ಕೆ ಗೊತ್ತಾಗದು, ಹಾಗಾಗಿ ಎಂಸಿಬಿ ತೆಗೆಯಬೇಡಿ, ಎರಡೂ ಇರಲಿ. ಇನ್ನು ಮಷೀನಿನ ಹೊರಮೈಗೆ ಕರೆಂಟ್ ಬಂದದ್ದು ಯಾಕೆ ಅನ್ನೋದು ಬೇರೆ ಪ್ರಶ್ನೆ. ಆ ಸಾಕೆಟ್ಟಿನ ದಪ್ಪ ತೂತಿಗೆ ಹಸಿರು ವೈರು, ಅಂದರೆ ನೆಲಕ್ಕೆ ಹೋಗುವ ಅರ್ಥ್ ವೈರು, ಬಂದಿದೆಯಾ ನೋಡಿಸಿ. ಬರೀ ತೂತು ಇದ್ದು ಹಿಂದೆ ಏನೂ ಇಲ್ಲದ ಬೋರ್ಡುಗಳು ಬೇಕಾದಷ್ಟಿವೆ.

ಪ್ರಶ್ನೆ: ನಮ್ಮದು ಪಾವರ್‌ಲೂಮ್ ಶೆಡ್. ಈಚೆಗೆ ಸ್ಕ್ರೂ ಹೋಲ್ಡರ್ ತರಿಸಿದೆವು. ಮಗ್ಗದ ಅದುರಿಗೆ ಬಲ್ಬು ಸಡಿಲಾಗಿ ಮಿಣಮಿಣ ಅನ್ನುತ್ತವೆ. ಹಳೇ ಪಿನ್ ಹೋಲ್ಡರಿನಲ್ಲಿ ಹೀಗೆ ಆಗುತ್ತಿರಲಿಲ್ಲ. — ಓದುಗರು, ರಬಕವಿ

ಉತ್ತರ: ಹಳೇದಕ್ಕೇ ವಾಪಸ್ ಹೋಗಿ ಅಣ್ಣಾ. ಸ್ಕ್ರೂ ಬುಡ ಎಡಿಸನ್ ಕಾಲದ್ದು, 26-27 ಮಿಲಿಮೀಟರ್ ಅಗಲ, ಅಮೆರಿಕ ಯುರೋಪಿನಲ್ಲಿ ಈಗಲೂ ಅದೇ. ಅದುರುವ ಜಾಗದಲ್ಲಿ ನಟ್ ಸಡಿಲಾಗುವ ಹಾಗೆ ಅದೂ ಸಡಿಲಾಗುತ್ತದೆ. ಇಂಗ್ಲೆಂಡಿನಿಂದ ನಮಗೆ ಬಂದದ್ದು 22 ಮಿಲಿಮೀಟರಿನ ಪಿನ್ ಬುಡ. ಒತ್ತಿ ತಿರುಗಿಸಿದರೆ ಎರಡು ಪಿನ್ನು ಕೊಕ್ಕೆಯಲ್ಲಿ ಕೂರುತ್ತವೆ, ಒಳಗಿನ ಸ್ಪ್ರಿಂಗು ಅವನ್ನ ಒತ್ತಿ ಹಿಡಿದಿರುತ್ತದೆ. ಇನ್ನೊಂದು ಲಾಭ, ಇದರಲ್ಲಿ ಹೊರಗಿನ ಲೋಹದ ಬುಡದಲ್ಲಿ ಕರೆಂಟ್ ಹರಿಯುವುದಿಲ್ಲ. ಸ್ಕ್ರೂ ಹೋಲ್ಡರಿನಲ್ಲಿ ಫೇಸ್ ನಡುವಿನ ಗುಂಡಿಗೇ ಹೋಗಬೇಕು. ಅದಲು ಬದಲಾದರೆ ಇಡೀ ಸ್ಕ್ರೂ ಫೇಸ್ ಆಗುತ್ತದೆ, ಬಲ್ಬು ತಿರುಗಿಸುವಾಗ ಬೆರಳು ಅಲ್ಲೇ ಇರುತ್ತದೆ ಅಲ್ವಾ?

ಹಳೇ ಬಲ್ಬು ಮನೆಯಲ್ಲಿದ್ದರೆ ಬುಡ ತಿರುಗಿಸಿ ನೋಡಿ. ಎರಡು ಬೆಸುಗೆ ಚುಕ್ಕಿಗಳ ಸುತ್ತ ಕಪ್ಪು ಗಾಜು ಕಾಣುತ್ತದೆ. ಮೊದಮೊದಲು ಅಲ್ಲಿ ಪ್ಲಾಸ್ಟರ್ ತುಂಬುತ್ತಿದ್ದರು, ಅದು ತೇವ ಹೀರುತ್ತಿತ್ತು. ಬಲ್ಬು ಮಾಡಿದ ಜೋಸೆಫ್ ಸ್ವಾನರ ತಮ್ಮ ಆಲ್ಫ್ರೆಡ್ ಸ್ವಾನ್ ತೇವ ಹೀರದ ಈ ಗಾಜು ತಂದರು.

ನಿಮ್ಮ ಶೆಡ್ಡಿಗೆ ಮೂರು ಸಲಹೆ. ಹೋಲ್ಡರನ್ನ ಮಗ್ಗದ ಚೌಕಟ್ಟಿಗೆ ಕಟ್ಟಬೇಡಿ, ಮೇಲಿನ ತೊಲೆಯಿಂದ ಇಳಿಬಿಡಿ. ಹೋಲ್ಡರಿನ ಮುಚ್ಚಳದೊಳಗೆ ವೈರಿಗೆ ಗಂಟು ಹಾಕಿಸಿ, ಭಾರ ಗಂಟಿನ ಮೇಲೆ ಬೀಳಲಿ, ಸ್ಕ್ರೂ ಬಿಗಿದ ಎಳೆಗಳ ಮೇಲೆ ಬೇಡ. ಹತ್ತಿ ದೂಳಿರುವ ಕಡೆ ಐಪಿ65 ಅಂತ ಬರೆದ ಮುಚ್ಚಿದ ದೀಪ ತನ್ನಿ. ಮೊದಲ ಅಂಕೆ 6 ಅಂದರೆ ದೂಳು ಒಳಗೆ ಹೋಗುವುದಿಲ್ಲ ಅಂತ. ಹೋಲ್ಡರಿನ ಪಿನ್ನು ಕರ್ರಗಾಗಿ ಗುಳಿ ಬಿದ್ದಿದ್ದರೆ ಉಪ್ಪುಕಾಗದದಿಂದ ತಿಕ್ಕುತ್ತ ಕೂರಬೇಡಿ. ಸ್ಪ್ರಿಂಗ್ ಬಿಸಿಗೆ ಬಿಗಿ ಕಳೆದುಕೊಂಡಿದೆ, ಹೋಲ್ಡರನ್ನೇ ಬದಲಿಸಿ.

ಪ್ರಶ್ನೆ: ಸ್ವಿಚ್ ಆಫ್ ಮಾಡಿದರೂ ರಾತ್ರಿ ಎಲ್‌ಇಡಿ ಬಲ್ಬು ಮಂದವಾಗಿ ಉರಿಯುತ್ತದೆ. ಅಜ್ಜಿಗೆ ಹೆದರಿಕೆ. — ಓದುಗರು, ಬೆಳಗಾವಿ

ಉತ್ತರ: ದೆವ್ವ ಅಲ್ಲ ಅಂತ ಅಜ್ಜಿಗೆ ಹೇಳಿ, ಆದರೆ ನೀವು ಸ್ವಲ್ಪ ಹೆದರಿ. ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕ ಹರಿಯುವ ಚೂರು ಕರೆಂಟೇ ಸಾಕು ಬಲ್ಬು ಮಿನುಗಲು, ಅದು ಅಪಾಯವಲ್ಲ. ಇಂಡಿಕೇಟರ್ ಇಲ್ಲದಿದ್ದರೆ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ಲಿನಲ್ಲಿ ಕೂತಿರಬಹುದು. ಆಗ ಸ್ವಿಚ್ ಆಫ್ ಇದ್ದರೂ ಹೋಲ್ಡರಿನಲ್ಲಿ ಫೇಸ್ ಜೀವಂತ. ಮಿಸ್ತ್ರಿಯನ್ನ ಕರೆಸಿ ಸರಿ ಮಾಡಿಸಿ. ಅಲ್ಲಿಯವರೆಗೆ ಬಲ್ಬು ಬದಲಿಸುವಾಗ ಮೇನ್ ಆಫ್.

ಪ್ರಶ್ನೆ: ಎರೆ ನೆಲದಲ್ಲಿ ಬೇಸಿಗೆಗೆ ಅರ್ಥಿಂಗ್ ಕೆಲಸ ಮಾಡೋದಿಲ್ಲ ಅಂತಾರೆ. ನಿಜವೇ? — ಓದುಗರು, ಜಮಖಂಡಿ

ಉತ್ತರ: ಬಹಳ ಮಟ್ಟಿಗೆ ನಿಜ. ಹಸಿ ಇದ್ದಾಗ ಎರೆಮಣ್ಣು ಒಳ್ಳೆ ಅರ್ಥ್ ಕೊಡುತ್ತದೆ, ಒಣಗಿದರೆ ಬಿರಿದು, ನೆಲದಲ್ಲಿ ಹೂತ ಅರ್ಥ್ ಪೈಪಿನ ಸುತ್ತ ಸಂದು ಬಿಡುತ್ತದೆ. ಪೈಪು ಎರಡೂವರೆ ಮೀಟರ್ ಆಳಕ್ಕೆ ಹೋಗಿರಲಿ, ಮೇಲೆ ನೀರು ಹಾಕಲು ಬಾಯಿ ಇರಲಿ. ಏಪ್ರಿಲ್-ಮೇನಲ್ಲಿ ಒಂದೆರಡು ಕೊಡ ನೀರು ಹೊಯ್ಯಿರಿ. ಅರ್ಥ್ ಸರಿ ಇಲ್ಲ ಅಂತ ಸಾಕೆಟ್ಟಿನಲ್ಲೇ ನ್ಯೂಟ್ರಲ್ಲಿನಿಂದ ಅರ್ಥ್ ಪಿನ್ನಿಗೆ ತುಂಡು ವೈರು ಕೊಡುವ ಬುದ್ಧಿವಂತರಿದ್ದಾರೆ, ಅವರನ್ನ ಮನೆಯೊಳಗೆ ಬಿಡಬೇಡಿ. ಕಂಬದಲ್ಲಿ ನ್ಯೂಟ್ರಲ್ ಕಡಿದ ದಿನ ನಿಮ್ಮ ಫ್ರಿಜ್ಜಿನ ಬಾಡಿ ಪೂರ್ತಿ ಫೇಸ್ ಆಗುತ್ತದೆ.

ಪ್ರಶ್ನೆ: ನಿಂಬೆ ತೋಟದ ಶೆಡ್ಡಿಗೆ ನಾಲ್ಕು ಸೋಲಾರ್ ಪ್ಯಾನೆಲ್ ಸಾಲಾಗಿ ಜೋಡಿಸಿ ಮನೆಯ ಸ್ವಿಚ್ಚೇ ಹಾಕಿದ್ದೆ. ಆಫ್ ಮಾಡುವಾಗ ಕಿಡಿ ಬಂದು ಕರಗಿಹೋಯಿತು. ಸ್ವಿಚ್ಚಿನ ಮೇಲೆ 16 ಆಂಪಿಯರ್ ಅಂತ ಇತ್ತಲ್ಲ? — ಓದುಗರು, ಇಂಡಿ

ಉತ್ತರ: ಆ 16 ಆಂಪಿಯರ್ ಎಸಿಗೆ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟಿಗೆ. ನಮ್ಮ ಮನೆಯ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ, ಆ ಗಳಿಗೆಯಲ್ಲಿ ಕಿಡಿ ತಾನಾಗಿಯೇ ಆರುತ್ತದೆ. ಪ್ಯಾನೆಲ್ಲಿನದು ಡಿಸಿ, ಒಂದೇ ದಿಕ್ಕಿಗೆ ಹರಿಯುವ ಕರೆಂಟ್, ಅದು ಸೊನ್ನೆಗೆ ಇಳಿಯುವುದೇ ಇಲ್ಲ, ಬಿಸಿಲಿರುವವರೆಗೂ ಕಿಡಿ ಉರಿಯುತ್ತಲೇ ಇರುತ್ತದೆ. ಮೊದಲ ದೀಪಗಳ ಕಾಲದಲ್ಲೂ ಎಷ್ಟೋ ಕಡೆ ಡಿಸಿಯೇ ಇತ್ತು, ಕೈಯಿಂದ ನಿಧಾನ ತೆಗೆಯುವ ಸ್ವಿಚ್ಚುಗಳು ಹೀಗೇ ಸುಡುತ್ತಿದ್ದವು. 1884ರಲ್ಲಿ ನ್ಯೂಕಾಸಲ್ಲಿನ ಜಾನ್ ಹೆನ್ರಿ ಹೋಮ್ಸ್ ಸ್ಪ್ರಿಂಗ್ ಬಲದಿಂದ ಟಕ್ಕನೆ ಬೇರೆಯಾಗುವ ಸ್ವಿಚ್ ಮಾಡಿದರು, ನಮ್ಮ ಕೈ ಎಷ್ಟೇ ನಿಧಾನ ಇದ್ದರೂ ಸಂಪರ್ಕ ಬೇಗ ಕಡಿಯಲಿ ಅಂತ. ಈಗಿನ ಡಿಸಿ ಎಂಸಿಬಿಗಳಲ್ಲಿ ಕಿಡಿಯನ್ನ ಎಳೆದು ತುಂಡು ಮಾಡುವ ಲೋಹದ ತಗಡುಗಳ ಗೂಡೂ ಇರುತ್ತದೆ.

ಪ್ಯಾನೆಲ್ ಸಾಲಿನ ಒಟ್ಟು ವೋಲ್ಟೇಜಿಗಿಂತ ಜಾಸ್ತಿ ಬರೆದ ಡಿಸಿ ಎಂಸಿಬಿ ತನ್ನಿ. ಕೆಲವದರ ಮೇಲೆ ಪ್ಲಸ್, ಮೈನಸ್ ಗುರುತು ಇರುತ್ತದೆ. ಅದನ್ನ ಉಲ್ಟಾ ಕೊಟ್ಟರೆ ಒಳಗಿನ ಅಯಸ್ಕಾಂತ ಕಿಡಿಯನ್ನ ತಗಡಿನ ಗೂಡಿಗೆ ತಳ್ಳುವ ಬದಲು ಬೇರೆ ದಿಕ್ಕಿಗೆ ತಳ್ಳಿ ಎಂಸಿಬಿಯೇ ಹೊತ್ತಿಕೊಳ್ಳಬಹುದು, ಹಾಗಾಗಿ ಜೋಡಿಸುವಾಗ ಪ್ಯಾನೆಲ್ಲಿನ ಮೇಲೆ ತಾಡಪತ್ರಿ ಮುಚ್ಚಿ, ಮೀಟರ್ ಹಿಡಿದು ಪ್ಲಸ್ ಯಾವುದು ಅಂತ ನೋಡಿಕೊಂಡೇ ಬಿಗಿಯಿರಿ.